ಎಡಕ್ಕೆ, ಮತ್ತೆ ಎಡಕ್ಕೆ

ಬೆಂಗಳೂರಿನಲ್ಲಿ ಟೆಸ್ಟ್ ಡ್ರೈವ್ ಅಂದರೆ ಷೋರೂಮಿಗೆ ಒಂದು ಪ್ರದಕ್ಷಿಣೆ. ಎಡಕ್ಕೆ, ಮತ್ತೆ ಎಡಕ್ಕೆ, ಇನ್ನೂ ಎರಡು ಸಲ ಎಡಕ್ಕೆ, ಮುಗಿಯಿತು. ಪಕ್ಕದಲ್ಲಿ ಕೂತ ಹುಡುಗ ಎ.ಸಿ. ಜೋರು ಮಾಡಿ, ಹಾಡು ಹಾಕಿ, "ಸನ್‌ರೂಫ್ ನೋಡಿ ಸರ್" ಅನ್ನುತ್ತಾನೆ. ಎಂಜಿನ್ ಸದ್ದು ಕಿವಿಗೆ ಬೀಳಬಾರದಲ್ಲ!

ಮೊದಲು ಹಾಡು ನಿಲ್ಲಿಸಿ. ಮನೆಮಂದಿಯನ್ನೆಲ್ಲ ಹತ್ತಿಸಿಕೊಂಡು ನಿಮ್ಮ ಬೀದಿಯ ಹಂಪ್ ಮೇಲೇ ಹೋಗಿ. ಕ್ಯಾಟಲಾಗಿನಲ್ಲಿ ಗ್ರೌಂಡ್ ಕ್ಲಿಯರೆನ್ಸ್ 180 ಮಿ.ಮೀ. ಅಂತಿದ್ದರೆ ಅದು ಸಾಮಾನ್ಯವಾಗಿ ಖಾಲಿ ಕಾರಿನದು. ಊರಿಂದ ತರುವ ಅಕ್ಕಿ ಮೂಟೆ, ತೆಂಗಿನಕಾಯಿ ಚೀಲ, ಮಾವನವರು ಯಾವುದೂ ಅದರಲ್ಲಿ ಸೇರಿಲ್ಲ. (ಮಾವನವರ ಎದುರು ಇದನ್ನು ಹೇಳಬೇಡಿ.) ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐ ಹೇಳುವ ಮೈಲೇಜೂ ಅಷ್ಟೇ, ಪ್ರಯೋಗಾಲಯದ ರೋಲರ್ ಮೇಲೆ ಓಡಿಸಿ ಅಳೆದದ್ದು. ಅಲ್ಲಿ ಸಿಲ್ಕ್ ಬೋರ್ಡ್ ಸಿಗ್ನಲ್ ಇಲ್ಲ, ಅಡ್ಡ ನುಗ್ಗುವ ಆಟೋ ಇಲ್ಲ, ರಸ್ತೆ ಮಧ್ಯೆ ಮೆಲುಕು ಹಾಕುವ ಹಸುವಂತೂ ಇಲ್ಲವೇ ಇಲ್ಲ.

ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಏರಿನಲ್ಲಿ ಅರ್ಧಕ್ಕೆ ನಿಲ್ಲಿಸಿ, ಮತ್ತೆ ಹತ್ತಿಸಿ. ಕಂಬಗಳ ನಡುವೆ ರಿವರ್ಸ್ ತೆಗೆಯಿರಿ. ಸಾಧ್ಯವಾದರೆ ಕತ್ತಲಾದ ಮೇಲೆ ಹೆಡ್‌ಲೈಟನ್ನೂ ನೋಡಿ. ಹುಡುಗನ ಮುಖ ಬಾಡಿದರೆ ಬಾಡಲಿ. ಬುಕಿಂಗ್ ದುಡ್ಡು ನಿಮ್ಮ ಜೇಬಿನಲ್ಲಿರುವ ತನಕ ಅವನು ಇನ್ನೊಂದು ಸುತ್ತಿಗೆ ಇಲ್ಲ ಅನ್ನುವುದಿಲ್ಲ. ಸಂಕೋಚ ಬಿಟ್ಟು ಕೇಳಿ.