ಸಿಗ್ಮಾ ಮಾವನ ಪೆನ್‌ಡ್ರೈವ್

ಬೀಗರು ಬರುವಾಗ ಬಾಳೆಹಣ್ಣು ತರುತ್ತಾರೆ. ನಮ್ಮ ಸಿಗ್ಮಾ ಮಾವ ಪೆನ್‌ಡ್ರೈವ್ ತರುತ್ತಾರೆ. ಅದು ಅವರ ಅಂಗಿಯ ಎದೆಕಿಸೆಯಲ್ಲಿ, ಕನ್ನಡಕದ ಡಬ್ಬಿಯ ಪಕ್ಕದಲ್ಲಿ, ಕೆಂಪು ದಾರ ಕಟ್ಟಿಸಿಕೊಂಡು ಸದಾ ಸಿದ್ಧವಾಗಿರುತ್ತದೆ. ಸಿಂಧನೂರಿನ ಕುಷ್ಟಗಿ ರಸ್ತೆಯಲ್ಲಿ ಅವರದೊಂದು ಟಿವಿ ರಿಪೇರಿ ಅಂಗಡಿ. ಅಕ್ಕ, ಅಂದರೆ ನಮ್ಮವ್ವ, ಇರುವುದು ಮಸ್ಕಿಯಲ್ಲಿ. ಮಗಳನ್ನು ಕೊಟ್ಟಿರುವುದು ಲಿಂಗಸುಗೂರಿಗೆ. ಹೀಗಾಗಿ ಈ ಮೂರೂ ಊರಿನ ದಾರಿಯಲ್ಲಿ, ಯುಎಸ್‌ಬಿ ತೂತಿರುವ ಟಿವಿ ಇಟ್ಟುಕೊಂಡ ಯಾವ ಬಂಧುವಿಗೂ ಭಾನುವಾರ ಸುಖವಿಲ್ಲ.

ಹಳೆಯದನ್ನೇ ಮತ್ತೆ ನೋಡುವವರು ಎಲ್ಲೆಡೆ ಇದ್ದಾರೆ. ‘ಬಬ್ರುವಾಹನ’ ಟಿವಿಯಲ್ಲಿ ಬಂದಾಗಲೆಲ್ಲ ಚಾನೆಲ್ ಬದಲಿಸದವರು, 1983ರ ವಿಶ್ವಕಪ್ ಫೈನಲ್ ನೋಡುತ್ತ ರಿಚರ್ಡ್ಸ್ ಹೊಡೆದ ಚೆಂಡನ್ನು ಕಪಿಲ್ ಈ ಸಲ ಎಲ್ಲಿ ಕೈಬಿಟ್ಟಾರೋ ಎಂದು ಉಸಿರು ಹಿಡಿಯುವವರು. ಅವರಿಂದ ಯಾರಿಗೂ ತೊಂದರೆಯಿಲ್ಲ, ತಮ್ಮ ಪಾಡಿಗೆ ತಾವು ನೋಡುತ್ತಾರೆ. ಹಳೇ ವಿಜ್ಞಾನದ ಸೀರಿಯಲ್ ನೋಡುವವನ ಕತೆ ಬೇರೆ. ಅವನಿಗೆ ಪಕ್ಕದಲ್ಲಿ ಒಬ್ಬ ಅಜ್ಞಾನಿ ಬೇಕೇ ಬೇಕು. ಮಸ್ಕಿಯಲ್ಲಿ ಆ ಹುದ್ದೆ ಬಹಳ ದಿನದಿಂದ ನನ್ನದು.

ಪೆನ್‌ಡ್ರೈವಿನಲ್ಲಿ ಏನೇನಿದೆ ಎಂದು ನನಗೆ ಬಾಯಿಪಾಠ. ‘ಸ್ಟಾರ್ ಟ್ರೆಕ್’ನ ಮೊದಲ ಸರಣಿ, 1966ರಿಂದ 69ರವರೆಗಿನ 79 ಕಂತು. ಎಂಬತ್ತರ ದಶಕದಲ್ಲಿ ದೂರದರ್ಶನ ಅದನ್ನು ನಮಗೂ ತೋರಿಸಿತ್ತು. ಜಪಾನಿನ ‘ಜೈಂಟ್ ರೋಬೋಟ್’, 26 ಕಂತು. ‘ಇಂದ್ರಧನುಷ್’, ‘ಕ್ಯಾಪ್ಟನ್ ವ್ಯೋಮ್’, ಬೇಕಾದಷ್ಟು ‘ಶಕ್ತಿಮಾನ್’. ಇವೆಲ್ಲಕ್ಕೂ ಮೇಲೆ, ಅಲ್ಲಿ ಇಲ್ಲಿ ಹುಡುಕಿ ಗುಡ್ಡೆ ಹಾಕಿದ ‘ಸ್ಪೇಸ್ ಸಿಟಿ ಸಿಗ್ಮಾ’ದ ಚೂರುಪಾರು. ಮಾವನಿಗೆ ಹೆಸರು ಬಂದದ್ದು ಅದರಿಂದಲೇ. ಅದರ ಖಳ ಜಖಾಕುವಿನ ಹೆಸರು ಅವರಿಗೆ ಬರಬೇಕಿತ್ತೆಂದು ನನ್ನ ಹೆಂಡತಿಯ ಅಭಿಪ್ರಾಯ.

ನೋಡುವುದಷ್ಟೇ ಆದರೆ ಸಹಿಸಬಹುದು. ಮಾವ ಪಾಜ್ ಒತ್ತುತ್ತಾರೆ. ಒತ್ತಿ, ರಿಮೋಟನ್ನು ತೊಡೆಯ ಕೆಳಗಿಟ್ಟುಕೊಂಡು ನಮ್ಮ ಕಡೆ ತಿರುಗುತ್ತಾರೆ.

“ನೋಡಿದೇನು? ಇಂವ ಕಿರ್ಕ್. ಊರ ಗೌಡ ಇದ್ದಂಗ. ಬಾಜೂಕ ಕಿವಿ ಚೂಪ ಇದ್ದಂವ ಸ್ಪಾಕ್, ಅಂವ ಕುಲಕರ್ಣಿ. ಲೆಕ್ಕ ತಪ್ಪಂಗಿಲ್ಲ, ನಗಂಗಿಲ್ಲ. ಡಾಕ್ಟರ್ ಒಬ್ಬಂವ ಅದಾನ, ಇಬ್ಬರಿಗೂ ಬೈಕೋಂತ ಅಡ್ಡಾಡತಾನ.”

ಇಷ್ಟು ಹೇಳಿ ಮುಂದೇನಾಗುತ್ತದೆ ಎಂಬುದನ್ನೂ ಹೇಳಿಬಿಡುತ್ತಾರೆ. ಆಮೇಲೆ ಪ್ಲೇ. ಅವರು ಹೇಳಿದ್ದೇ ಆದಾಗ ನಮ್ಮೆಲ್ಲರ ಮುಖ ನೋಡುತ್ತಾರೆ, ಕತೆ ಬರೆದದ್ದು ತಾವೇ ಎಂಬಂತೆ. ಮನುಷ್ಯರು ಮಿಣಮಿಣ ಮಿಂಚಿ ಮಾಯವಾಗಿ ಇನ್ನೊಂದು ಗ್ರಹದಲ್ಲಿ ಇಳಿಯುವ ದೃಶ್ಯ ಬಂದರಂತೂ ಪಾಜ್ ಖಚಿತ. ವಾರವಾರವೂ ಆಕಾಶದ ಹಡಗನ್ನು ನೆಲಕ್ಕಿಳಿಸಿ ಚಿತ್ರೀಕರಿಸಲು ಅಮೆರಿಕದವರ ಹತ್ತಿರ ದುಡ್ಡಿರಲಿಲ್ಲ, ಅದಕ್ಕೇ ಈ ಯಂತ್ರ ಹುಟ್ಟಿತು ಎಂಬುದು ನಿಜವೇ. ಮಾವನಿಗೆ ಅದು ಇಡೀ ಸೀರಿಯಲ್ಲಿನ ಅತ್ಯಂತ ಪ್ರಿಯವಾದ ಸಂಗತಿ. “ರೊಕ್ಕ ಇಲ್ಲದಾಗ ತಲಿ ಓಡತೈತಿ ತಮ್ಮಾ,” ಎನ್ನುತ್ತಾರೆ. ಮಂದಿ ಬಿಸಾಕಿದ ಮೂರು ಟಿವಿಗಳಿಂದ ನಡೆಯುವ ಒಂದು ಟಿವಿ ಮಾಡಿ ಮಾರಿದ ಅನುಭವ ಆ ಮಾತಿನ ಹಿಂದಿದೆ.

ಒಮ್ಮೆ ತಡೆಯಲಾರದೆ, “ಮಾವಾ, ನೋಡಿದ್ದನ್ನ ಎಷ್ಟು ಸಲ ನೋಡ್ತೀರಿ?” ಎಂದೆ. ಮಸ್ಕಿಯಲ್ಲಿ ಕುಳಿತು ಕೇಳಬಾರದ ಪ್ರಶ್ನೆ ಅದು. ಮಾವ ಕಿಟಕಿಯಾಚೆಯ ಗುಡ್ಡದ ಕಡೆ ಕೈ ತೋರಿಸಿದರು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನ ಹುಡುಕಿಕೊಂಡು ಬಂದು, ಅಶೋಕನ ಹೆಸರೇ ಬರೆದಿದ್ದ ಶಾಸನವನ್ನು ಕಂಡದ್ದು ಇಲ್ಲೇ. “ಅಶೋಕ ಮಸ್ಕಿಯಾಗ ಬರಿಸಿದ್ದನ್ನ ಕೊಪ್ಪಳದ ಗವಿಮಠದಾಗ ಬರಿಸ್ಯಾನ, ಪಾಲ್ಕಿಗುಂಡಿನಾಗ ಬರಿಸ್ಯಾನ, ಅತ್ಲಾಗ ಬ್ರಹ್ಮಗಿರಿ, ಸಿದ್ದಾಪುರ. ಒಂದ ಮಾತು, ಊರೂರಿಗಿ ಮರುಪ್ರಸಾರ. ಅಂವಗ ಯಾರರ ಬ್ಯಾಸರಾತು ಅಂದಾರೇನು?” ದೇವಾನಾಂಪ್ರಿಯನನ್ನೇ ಸಾಕ್ಷಿಗೆ ಕರೆದ ಮೇಲೆ ನಾನೇನು ವಾದಿಸಲಿ? ಚಹಾ ತರಲು ಎದ್ದೆ.

ಇನ್ನೊಂದು ಸಾಕ್ಷಿಯೂ ಅವರ ಕೈಯಲ್ಲಿದೆ. ಬೆಂಗಳೂರಿಂದ ಯಾರಾದರೂ ನೆಂಟರು ಬಂದು, ಈ ಕಡೆ ಬಿಸಿಲು, ಧೂಳು, ಹಿಂದುಳಿದ ಪ್ರದೇಶ ಎಂದು ಶುರುಮಾಡಿದರೆ ಮಾವ ಕಾಲು ಮಡಚಿಕೊಂಡು ಕುಳಿತುಕೊಳ್ಳುತ್ತಾರೆ. “ನಿಮ್ಮ ಬೆಂಗಳೂರಿಗಿ ದೂರದರ್ಶನ ಬಂದಿದ್ದು 1981ರ ನವೆಂಬರ್ ಒಂದಕ್ಕ. ನಾ ಟಿವಿ ನೋಡಿದ್ದು ಎಪ್ಪತ್ತೈದರಾಗ.” ಇದು ಬಡಾಯಿಯಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಾಸಾದಿಂದ ಎರವಲು ಪಡೆದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ಬಂತು. ಸೈಟ್ ಎಂದು ಅದರ ಹೆಸರು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳನ್ನು. ಮಾವನ ಹುಟ್ಟೂರಿನ ಶಾಲೆಯ ಮೇಲೆ ಕೋಳಿಗೂಡಿನ ಜಾಲರಿಯಿಂದ ಮಾಡಿದ ಹತ್ತಡಿ ಅಗಲದ ಬುಟ್ಟಿ ಆಕಾಶಕ್ಕೆ ಮುಖಮಾಡಿ ಕುಳಿತಿತು. 36,000 ಕಿಲೋಮೀಟರ್ ಮೇಲಿಂದ ಚಿತ್ರ ಇಳಿದು ಬಂದು, ಜೋಳಕ್ಕೆ ಯಾವಾಗ ಗೊಬ್ಬರ ಹಾಕಬೇಕೆಂದು ಹೇಳಿತು. ಅದೇ ವರ್ಷ ವಿಜ್ಞಾನ ಕತೆಗಳ ದೊಡ್ಡ ಲೇಖಕ ಆರ್ಥರ್ ಸಿ. ಕ್ಲಾರ್ಕ್ ಕೊಲಂಬೊದ ತಮ್ಮ ಮನೆಯಲ್ಲಿ ಇಸ್ರೋದವರು ಹಾಕಿಕೊಟ್ಟ ಡಿಶ್‌ನಲ್ಲಿ ಇದೇ ಪ್ರಸಾರವನ್ನು ನೋಡುತ್ತಿದ್ದರು. ಎಲ್ಲೋ ಇದನ್ನು ಓದಿದಂದಿನಿಂದ ಮಾವ, “ನಾನೂ ಕ್ಲಾರ್ಕೂ ಕೂಡೇ ನೋಡೀವಿ,” ಎನ್ನುತ್ತಾರೆ. ವರ್ಷ ಮುಗಿದ ಮೇಲೆ ಅಮೆರಿಕದವರು ಉಪಗ್ರಹವನ್ನು ತಮ್ಮ ಕಡೆಗೆ ಸರಿಸಿಕೊಂಡರು. ಅದನ್ನು ಹೇಳುವಾಗ ಮಾತ್ರ ಮಾವನ ದನಿಯಲ್ಲಿ ಎರವಲು ತಂದ ಎತ್ತು ವಾಪಸು ಹೋದ ಸಂಕಟ.

ಅವರಿಗೆ ಬೇರೆ ಹವ್ಯಾಸ ಇಲ್ಲವೆಂದಲ್ಲ. ಸಂಜೆ ಮಿರ್ಚಿ ಬಜಿಯ ಎಣ್ಣೆ ಕಾಯುವ ಮೊದಲೇ ಬಂಡಿಯ ಮುಂದೆ ಹಾಜರು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ದಿನ, ತಮ್ಮದೊಂದು ಗುಂಟೆ ಭತ್ತವಿಲ್ಲದಿದ್ದರೂ, ಹೋಗಿ ನೋಡಿ ಬರುತ್ತಾರೆ. ಹುಲಿಕಟ್ಟಿ ಆಟದಲ್ಲಿ ಕುರಿಗಳ ಪಕ್ಷ ವಹಿಸಿ ಸೋಲುತ್ತಾರೆ. ರಾಜಶೇಖರ ಭೂಸನೂರಮಠರ ವಿಜ್ಞಾನ ಕತೆಗಳ ಪುಸ್ತಕಗಳನ್ನು ಅಂಗಡಿಯಲ್ಲಿ ಸೋಲ್ಡರಿಂಗ್ ಕಡ್ಡಿಯ ಪಕ್ಕದಲ್ಲೇ ಇಟ್ಟುಕೊಂಡಿದ್ದಾರೆ. 2020ರ ಲಾಕ್‌ಡೌನ್‌ನಲ್ಲಿ ದೂರದರ್ಶನ ‘ರಾಮಾಯಣ’ವನ್ನೂ ‘ಶಕ್ತಿಮಾನ್’ನನ್ನೂ ಮತ್ತೆ ತೋರಿಸಿದಾಗ ಇಡೀ ದೇಶವೇ ತಮ್ಮ ದಾರಿಗೆ ಬಂತೆಂದು ಮೀಸೆ ತಿರುವಿದರು.

ಇನ್ನು ಲಿಂಗಸುಗೂರಿನ ಮದುವೆ. ಮಾವನ ಅಳಿಯನ ತಮ್ಮನದು. ಹಿಂದಿನ ರಾತ್ರಿ ಕಲ್ಯಾಣ ಮಂಟಪದಲ್ಲಿ ಗಂಡಸರು ಇಸ್ಪೀಟಿಗೆ ಕುಳಿತಿದ್ದರು, ಹೆಂಗಸರು ಎಲೆ ಅಡಿಕೆಗೆ, ಒಳಗೆ ಅಡಿಗೆಯವರು ಈರುಳ್ಳಿ ಹೆಚ್ಚುತ್ತಿದ್ದರು. ಊಟ ತಡವಿತ್ತು. ಮರುದಿನ ತಾಳಿ ಕಟ್ಟುವುದನ್ನು ಹಿಂದಿನ ಸಾಲಿಗೂ ಕಾಣಿಸಲು ಫೋಟೊದವರು ದೊಡ್ಡದೊಂದು ಟಿವಿ ತಂದು ನಿಲ್ಲಿಸಿದ್ದರು. ಮಾವ ಅದರ ಬೆನ್ನನ್ನು ಸವರಿ ನೋಡಿದ್ದನ್ನು ಕಂಡೇ ನನ್ನ ಎದೆ ಧಸಕ್ಕೆಂದಿತು. ‘ಜೈಂಟ್ ರೋಬೋಟ್’ನ ಕೊನೆಯ ಕಂತು ಅವರಿಗೆ ಹಿಂದಿನ ವಾರವಷ್ಟೇ ಸಿಕ್ಕಿತ್ತು. ಹತ್ತು ಮಂದಿ ಸೇರಿದಲ್ಲಿ ನೋಡಬೇಕೆಂದು ತಾವೂ ನೋಡದೆ ಕಾದಿಟ್ಟಿದ್ದರು.

ಶುರುವಾಯಿತು. ಕೈಗಡಿಯಾರದಲ್ಲಿ ಮಾತಾಡಿ ಬೆಟ್ಟದಂಥ ರೋಬೋಟನ್ನು ಕುಣಿಸುವ ಹುಡುಗ ಜಾನಿ, ಭೂಮಿಯನ್ನು ನುಂಗಲು ಬಂದ ಗಿಲಟಿನ್ ಎಂಬ ಚಕ್ರವರ್ತಿ. ಮಾವ ಮೊದಲ ಪಾಜ್ ಒತ್ತಿದಾಗ ಮಕ್ಕಳಷ್ಟೇ ಇದ್ದರು. ಎರಡನೆಯದಕ್ಕೆ ವರನ ಅಜ್ಜಿ ಕುರ್ಚಿ ಎಳೆದುಕೊಂಡು ಬಂದಳು.

“ಈ ಹುಡುಗನ ತಾಯಿ ತಂದಿ ಎಲ್ಲದಾರಪಾ?”

ಮಾವ ತಡವರಿಸಿದರು. ಇಷ್ಟು ವರ್ಷದಲ್ಲಿ ಯಾವ ಅಜ್ಞಾನಿಯೂ ಈ ಪ್ರಶ್ನೆ ಕೇಳಿರಲಿಲ್ಲ. “ಅದನ್ನ ತೋರಸಂಗಿಲ್ಲಬೇ.”

“ತೋರಸಬೇಕಪಾ. ಸಾಲಿಗಿ ಹೋಗತಾನಿಲ್ಲ? ಇಷ್ಟು ಸಣ್ಣ ಕೂಸಿನ ಕೈಯಾಗ ಇಷ್ಟು ದೊಡ್ಡ ಮಷೀನ ಯಾರ ಕೊಟ್ರು?”

ಮಾವ ಪ್ಲೇ ಒತ್ತಿದರು. ಮಾತು ತಪ್ಪಿಸಲು ಅವರು ಪ್ಲೇ ಒತ್ತಿದ್ದನ್ನು ನಾನು ಕಂಡದ್ದು ಅಂದೇ. ಗಿಲಟಿನ್ ಬೆಟ್ಟದಷ್ಟು ಬೆಳೆದು ನಿಂತ. ಅಷ್ಟರಲ್ಲಿ ಕರೆಂಟ್ ಹೋಯಿತು.

ಜನರೇಟರ್ ಹುಡುಗ ಎಲ್ಲೋ ಮಲಗಿದ್ದ. ಅವನನ್ನು ಹುಡುಕುವವರೆಗೆ ಮಕ್ಕಳು ಗಲಾಟೆ ಮಾಡತೊಡಗಿದವು. ಕತ್ತಲಲ್ಲೇ ಮಾವ ಕತೆ ಮುಂದುವರಿಸಿದರು. ಧಡ್, ಧಡ್ ಎಂದು ರೋಬೋಟಿನ ಹೆಜ್ಜೆ. ಗಿಲಟಿನ್‌ನ ಗೊಗ್ಗರು ನಗೆ. ರೋಬೋಟು ಮೊದಲ ಬಾರಿಗೆ ಹುಡುಗನ ಮಾತು ಮೀರಿ, ಚಕ್ರವರ್ತಿಯನ್ನು ತಬ್ಬಿಕೊಂಡು ಆಕಾಶಕ್ಕೆ ಹಾರುತ್ತದೆ. ಕೆಳಗೆ ಹುಡುಗ ವಾಪಸು ಬಾ, ವಾಪಸು ಬಾ ಎಂದು ಗಡಿಯಾರದೊಳಗೆ ಅಳುತ್ತಾನೆ. ಮೇಲೆ ಉಲ್ಕೆಗೆ ಬಡಿದು ಇಬ್ಬರೂ ಸಿಡಿದು ಹೋಗುತ್ತಾರೆ. ಮಾವ ಆ ಅಳುವನ್ನು ಎಂಥ ದನಿಯಲ್ಲಿ ಅತ್ತರೆಂದರೆ, ಇಸ್ಪೀಟಿನವರು ಎಲೆ ಕೆಳಗಿಟ್ಟು ಬಂದು ನಿಂತಿದ್ದರು. ಅಡಿಗೆ ಭಟ್ಟರೂ ಬಾಗಿಲಿಗೆ ಬಂದಿದ್ದರು. ಅವರ ಕಣ್ಣೀರು ಈರುಳ್ಳಿಯದೋ ರೋಬೋಟಿನದೋ ತಿಳಿಯಲಿಲ್ಲ. ಅಜ್ಜಿ ಸೆರಗಿನಿಂದ ಮೂಗೊರೆಸಿಕೊಂಡು, “ಒಂದು ತುತ್ತು ಉಣ್ಣಲಾರದಂಗ ಹೋತಲ್ಲೋ ಯಪ್ಪಾ,” ಎಂದಳು.

ಜನರೇಟರ್ ಬಂತು. ಊಟಕ್ಕೆ ಕರೆದರು. ಎಲ್ಲರೂ ಪಂಕ್ತಿಗೆ ಓಡಿದರು. ಟಿವಿಯಲ್ಲಿ ಅದೇ ಕೊನೆಯ ದೃಶ್ಯ ಓಡುತ್ತಿತ್ತು, ನೋಡುವವರಿಲ್ಲ. ಮಾವ ಒಬ್ಬರೇ ನಿಂತಿದ್ದರು, ಬಾಯಿ ತೆರೆದುಕೊಂಡು. ಪಾಜ್ ಒತ್ತುವುದು ನೆನಪೇ ಇರಲಿಲ್ಲ. “ಹಿಂಗ ಹೋತೇನು ಅದು!” ಎಂದರು.

ಈಗಷ್ಟೇ ಅಕ್ಷರ ಬಿಡದೆ ಹೇಳಿದವರು ಹೀಗೇಕೆ ಬೆರಗಾದರು? ಪಂಕ್ತಿಯಲ್ಲಿ ಅತ್ತಿಯನ್ನು ಕೇಳಿದೆ. ಅತ್ತಿ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಸಹಜವಾಗಿ ಹೇಳಿದಳು: “ಅವರು ಎಲ್ಲಿ ನೋಡ್ಯಾರೋ? ಆಗ ಆಂಟೆನಾ ರಿಪೇರಿ ಕೆಲಸ. ಆಯಿತವಾರ ಬಂತಂದ್ರ ಯಾರದರ ಮಾಳಿಗಿ ಮ್ಯಾಲ. ಕೊಳವಿ ತಿರುವಿ ಹಿಡಕೊಂಡ್ರ ಕೆಳಗ ಚಿತ್ರ ಬರತಿತ್ತು, ಬಿಟ್ರ ಹೋಗತಿತ್ತು. ಮುಗಿಯೋತನಾ ಹಿಡಕೊಂಡು ನಿಂದರತಿದ್ರು. ಕೇಳಿದ್ದೇ ಖರೆ, ನೋಡಿದ್ದಿಲ್ಲ.”

ದನಿಯೆಲ್ಲ ಗೊತ್ತು, ಮುಖ ಗೊತ್ತಿಲ್ಲ. ಜಖಾಕುವಿನ ಮುಖ ಮೊದಲ ಸಲ ತೆರೆಯ ಮೇಲೆ ಬಂದಾಗ, “ಇಂವ ಹಿಂಗದಾನ?” ಎಂದು ಮಾವ ನಕ್ಕದ್ದು ಈಗ ಅರ್ಥವಾಯಿತು. ಮಸ್ಕಿಯ ನಮ್ಮ ಮನೆಯ ಮಾಳಿಗೆಯ ಮೇಲೂ ಅವರು ನಿಂತದ್ದುಂಟು. “ಬಂತೇನು?” ಎಂದು ಮೇಲಿಂದ, “ಬಂತು, ಬಂತು, ಅಲ್ಲೇ ಇರ್ರಿ!” ಎಂದು ಕೆಳಗಿಂದ. ಹಾಗೆ ಕೂಗಿದ ಹುಡುಗರಲ್ಲಿ ನಾನೂ ಒಬ್ಬ. ನಾನಂತೂ ಈಗ ಮೊಬೈಲಿನಲ್ಲಿ ಎಂಟು ಕಂತಿನ ಸೀರಿಯಲ್ಲನ್ನು ಒಂದೂವರೆ ಪಟ್ಟು ವೇಗದಲ್ಲಿ ಒಂದೇ ರಾತ್ರಿ ಮುಗಿಸಿ, ಮರುದಿನ ಅದರ ಹೆಸರನ್ನೇ ಮರೆಯುವವನು. ಬಿಸಿಲಲ್ಲಿ ಕೊಳವೆ ಹಿಡಿದು ನಿಂತವರ ಪುಣ್ಯದಿಂದ ನೋಡಿದ್ದು ಮಾತ್ರ ಇನ್ನೂ ನೆನಪಿದೆ. ಯಾರು ಯಾರು ಯಾರಿಗಾಗಿ ಮಾಳಿಗೆ ಹತ್ತಿದ್ದರೋ, ಈ ಲೆಕ್ಕವೆಲ್ಲ…

ಇರಲಿ. ಮುಂದಿನ ಭಾನುವಾರ ಮಾವ ಮಸ್ಕಿಗೆ ಬಂದರು. ನಾನು ಸಿದ್ಧನಾಗಿದ್ದೆ: ಫೋನ್ ಬಂದ್, ಮಿರ್ಚಿ ತರಿಸಿಟ್ಟದ್ದು, ಕುರ್ಚಿಗೆ ದಿಂಬು. ಅಡ್ಡಿಯಿಲ್ಲದೆ ಒಂದಾದರೂ ಕಂತನ್ನು ಅವರು ಕಣ್ತುಂಬ ನೋಡಲಿ ಎಂದು ಮನೆಮಂದಿಗೆಲ್ಲ ತಾಕೀತು. ‘ಇಂದ್ರಧನುಷ್’ ಹಾಕಿದೆ. ಹೆಸರು ಮುಗಿಯುವ ಮೊದಲೇ ಪಾಜ್.

“ಆ ಗುಂಡನ ಹುಡುಗ ಬರತಾನ ನೋಡು ಈಗ, ಅಂವ ಯಾರು ಹೇಳು?”

“ಕರಣ್ ಜೋಹರ್, ಮಾವಾ. ಹ್ವಾದ ಸಲಾನೂ ಹೇಳೀರಿ.”

“ಅಲ್ಲೋ, ಅಂವಾ ಅಂತ ಆಗ ಅವಂಗಾರ ಗೊತ್ತಿತ್ತೇನು?”

ಪ್ಲೇ. ಪಾಜ್. ಕಂಪ್ಯೂಟರ್ ತೆರೆಯೊಳಗಿನ ಪಿಕ್ಚರ್ ಟ್ಯೂಬ್ ಯಾವ ಅಳತೆಯದೆಂಬ ವಿವರಣೆ. ಪ್ಲೇ. ಪಾಜ್. ನನ್ನ ಮಗ ಮೆಲ್ಲಗೆ, “ತಾತಾ, ಸ್ಪೀಡ್ ಮಾಡಲೇನು?” ಎಂದ. ಆ ಅಪರಾಧಕ್ಕೆ ಕಂತನ್ನು ಮೊದಲಿಂದ ಶುರುಮಾಡಲಾಯಿತು. ಮಿರ್ಚಿ ಆರಿದವು. ಒಳಗಿನಿಂದ ನನ್ನ ಹೆಂಡತಿ ಪಾತ್ರೆಗಳ ಮೂಲಕ ಅಭಿಪ್ರಾಯ ಹೇಳತೊಡಗಿದಳು. ಅಂತೂ ಕತೆ ಕುತೂಹಲದ ಜಾಗಕ್ಕೆ ಬಂತು. ಎಂದೂ ಇಲ್ಲದೆ ನಾನೂ ಮುಂದೆ ಬಾಗಿ ಕುಳಿತೆ, ಮಗನೂ ಫೋನ್ ಕೆಳಗಿಟ್ಟ. ಮಾವ ಪಾಜ್ ಒತ್ತಿ, ಮೊಣಕಾಲು ಹಿಡಿದುಕೊಂಡು ಎದ್ದು, “ಸಕ್ಕರಿ ಬ್ಯಾನಿ, ಬಂದೆ ತಡಿ,” ಎಂದು ಬಚ್ಚಲ ಕಡೆ ಹೋದರು. ಹೋಗುವಾಗ ರಿಮೋಟನ್ನೂ ಒಯ್ದರು.