ಮ್ಯಾಚಿಂಗು, ಸೆಟ್ಟು, ಜೊತೆ

ಒಂದರಂತೆ ಒಂದು ಇರುವ ವಸ್ತುಗಳಿಗೂ ಒಂದಕ್ಕೊಂದು ಒದಗುವ ವಸ್ತುಗಳಿಗೂ ಇಂಗ್ಲಿಷಿನಲ್ಲಿರುವ ಪದಗಳು ಶಬ್ದಕೋಶವನ್ನು ತೊರೆದು ಬಂದು, ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಪೇಟೆಬೀದಿಗಳಲ್ಲಿ ನೆಲೆಸಿ ಬಹಳ ಕಾಲವಾಗಿದ್ದು, ಅವುಗಳ ಹೆಸರಿಗೆ ಪಡಿತರ ಚೀಟಿ ಬರುವುದೊಂದೇ ಬಾಕಿ ಇದೆ. ಮ್ಯಾಚಿಂಗ್, ಸೆಟ್, ಪೇರ್, ಜೆರಾಕ್ಸ್, ಸೇಮ್ ಟು ಸೇಮ್ ಎಂಬ ಈ ಪರಿವಾರವನ್ನು ಭಾಷಾಶಾಸ್ತ್ರವು ಎರವಲು ಪದಗಳೆಂದು ಕರೆಯುತ್ತದೆ. ಎರವಲು ಎಂದರೆ ಹಿಂದಿರುಗಿಸುವ ಮಾತಿನ ಮೇಲೆ ತಂದದ್ದು ಎಂದರ್ಥವಾದರೂ, ಪಕ್ಕದ ಮನೆಯಿಂದ ತಂದ ಏಣಿಗೆ ಆಗುವ ಗತಿಯೇ ಇವುಗಳಿಗೂ ಆಗಿದೆ.

ಈ ಪದಗಳ ಪ್ರಧಾನ ಪೀಠವೆಂದರೆ ಮ್ಯಾಚಿಂಗ್ ಸೆಂಟರ್, ಅಂದರೆ ಸೀರೆಗೆ ಹೊಂದುವ ರವಿಕೆ ಬಟ್ಟೆ, ಲೈನಿಂಗು, ಫಾಲ್ಸು, ದಾರದುಂಡೆಗಳನ್ನು ಮಾರುವ ಅಂಗಡಿ. ಅಲ್ಲಿಗೆ ಬಂದ ಹೆಂಗಸು ಸೆರಗನ್ನು ಮೇಜಿನ ಮೇಲೆ ಹರಡಿ ಅದೇ ಬಣ್ಣ ಬೇಕೆನ್ನುತ್ತಾಳೆ. ಅಂಗಡಿಯವನು ನಾಲ್ಕು ಸುರುಳಿ ಬಿಚ್ಚಿ ಐದನೆಯದನ್ನು ಸೆರಗಿನ ಮೇಲೆ ಹೊದಿಸಿ, "ಸೇಮ್ ಟು ಸೇಮ್ ಕಣಕ್ಕ" ಎಂದು ಸಾರುತ್ತಾನೆ. ಆಕೆ ಎರಡನ್ನೂ ಬಾಗಿಲಾಚೆ ಬಿಸಿಲಿಗೆ ಹಿಡಿದು, "ಒಸಿ ಡಾರ್ಕು ಕಣಣ್ಣ" ಎಂದು ತೀರ್ಪು ಕೊಡುತ್ತಾಳೆ. ಟ್ಯೂಬ್‌ಲೈಟಿನ ಕೆಳಗಿನ ಸಾದೃಶ್ಯವು ಸೂರ್ಯನ ಕೆಳಗೆ ಊರ್ಜಿತವಾಗುವುದಿಲ್ಲವೆಂಬ ಈ ಸಿದ್ಧಾಂತವನ್ನು ಯಾವ ತರ್ಕಶಾಸ್ತ್ರದ ಪಂಡಿತನೂ ಇದುವರೆಗೆ ಅಲುಗಿಸಲಾರದೆ ಹೋಗಿದ್ದಾನೆ.

ಮ್ಯಾಚ್ ಎಂಬ ಪದದ ಕುಲವನ್ನು ಶೋಧಿಸಿದರೆ ಅದು ಹಳೆಯ ಇಂಗ್ಲಿಷಿನಲ್ಲಿ ಸಂಗಾತಿ, ಸರಿಜೋಡಿ ಎಂಬ ಅರ್ಥದ ಪದದಿಂದ ಇಳಿದು ಬಂದದ್ದೆಂದು ತಿಳಿಯುತ್ತದೆ. ಬೆಂಕಿಕಡ್ಡಿಯನ್ನು ಸೂಚಿಸುವ ಮ್ಯಾಚಾದರೋ ದೀಪದ ಬತ್ತಿಗೆ ಫ್ರೆಂಚಿನಲ್ಲಿದ್ದ ಹೆಸರಿನಿಂದ ಹುಟ್ಟಿದ ಬೇರೆ ಮನೆತನದ ಪದವಾಗಿದ್ದು, ಎರಡೂ ನೋಡಲು ಒಂದೇ ಆಗಿದ್ದರೂ ಅವುಗಳ ನಡುವೆ ಯಾವ ನೆಂಟಸ್ತನವೂ ಇಲ್ಲ. ಇದಕ್ಕೆ ಪ್ರತಿಯಾಗಿ, ಸೇಮ್ ಎಂಬುದೂ ಸಂಸ್ಕೃತದ ಸಮ ಎಂಬುದೂ ಒಂದೇ ಮೂಲದಿಂದ ಕವಲೊಡೆದ ದೂರದ ದಾಯಾದಿಗಳು. ಒಂದೇ ಪದವನ್ನು ಎರಡು ಸಲ ಹೇಳಿ ಅರ್ಥಕ್ಕೆ ಒತ್ತು ಕೊಡುವ ಕ್ರಮವನ್ನು ಕನ್ನಡ ವ್ಯಾಕರಣವು ದ್ವಿರುಕ್ತಿ ಎನ್ನುವುದರಿಂದ, ಅಂಗಡಿಯವನ ಸೇಮ್ ಟು ಸೇಮ್ ಎಂಬುದು ಹಳೆಯ 'ಸಮಸಮ'ವೇ ಪ್ಯಾಂಟು ತೊಟ್ಟು ಬಂದ ರೂಪವೆಂದು ಧೈರ್ಯವಾಗಿ ಹೇಳಬಹುದು.

ಸೆಟ್ ಎಂಬ ಪದದ ವ್ಯವಹಾರ ಇನ್ನೂ ತೊಡಕಿನದು. ಸೆಟ್ ದೋಸೆಯಲ್ಲಿ ತಟ್ಟೆಗೆ ಬಂದ ದೋಸೆಗಳೆಲ್ಲ ಒಂದೇ ಗಾತ್ರದವು, ಒಂದೇ ಮೆತ್ತನೆಯವು. ಪಂಪ್‌ಸೆಟ್ಟಿನಲ್ಲಿ ಮೋಟಾರು ತಿರುಗಿಸುತ್ತದೆ, ಪಂಪು ನೀರೆತ್ತುತ್ತದೆ, ಒಂದರಂತೆ ಇನ್ನೊಂದು ಇಲ್ಲದಿರುವುದರಿಂದಲೇ ಗದ್ದೆಗೆ ನೀರು ಬರುತ್ತದೆ. ಅಂದರೆ ಸದೃಶವಾದವುಗಳ ಕೂಟಕ್ಕೂ ವಿಸದೃಶವಾದವುಗಳ ಕೂಟಕ್ಕೂ ಜನರು ಒಂದೇ ಪದವನ್ನು ಬಳಸುತ್ತಾರೆ. ಹೀಗಿರುವಾಗ ಮದುವೆಯ ದಲ್ಲಾಳಿಯೊಬ್ಬನು ಸಂಬಂಧ ಸೆಟ್ ಆಯಿತೆಂದು ಘೋಷಿಸಿದರೆ, ಅದು ದೋಸೆಯ ಅರ್ಥದಲ್ಲಿಯೋ ಪಂಪಿನ ಅರ್ಥದಲ್ಲಿಯೋ ಎಂಬುದು ಛತ್ರದ ಬಾಡಿಗೆ ಕಟ್ಟಿದ ಮೇಲಷ್ಟೇ ಇತ್ಯರ್ಥವಾಗುತ್ತದೆ.

ಪೇರ್ ಎಂಬುದು ಸಮಾನವಾದವು ಎಂಬರ್ಥದ ಲ್ಯಾಟಿನ್ ಪದದಿಂದ ಬಂದಿದ್ದು, ಇಂಗ್ಲಿಷಿನವರು ಒಂದೇ ಕತ್ತರಿಯನ್ನೂ ಒಂದೇ ಕನ್ನಡಕವನ್ನೂ ಪೇರ್ ಎಂದು ಎಣಿಸುತ್ತಾರೆ. ಕನ್ನಡಿಗರು ಇದನ್ನು ಕಂಡು ನಗುವಂತಿಲ್ಲ. ಏಕೆಂದರೆ ಜೋಡು ಎಂದರೆ ಎರಡು ಎಂದೂ ಹೌದು, ಪಾದರಕ್ಷೆ ಎಂದೂ ಹೌದಾದ್ದರಿಂದ, ದೇವಸ್ಥಾನದ ಬಾಗಿಲಲ್ಲಿ ಒಂದನ್ನು ಕಳೆದುಕೊಂಡವನು ತನ್ನ ಜೋಡಿನ ಜೋಡು ಕಾಣೆಯಾಗಿದೆಯೆಂದು ದೂರಬೇಕಾಗುತ್ತದೆ.

ಬರಿಯ ಹೋಲಿಕೆಗೆ ಈ ಸೀಮೆಯಲ್ಲಿ ಮೊದಲಿದ್ದ ಪದ ಪಡಿಯಚ್ಚು. ಆಲೆಮನೆಯಲ್ಲಿ ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕಾಯಿಸಿ, ಹದಕ್ಕೆ ಬಂದ ಪಾಕವನ್ನು ಗುಳಿ ತೋಡಿದ ಮರದ ಅಚ್ಚಿಗೆ ಸುರಿದು ಅಚ್ಚುಬೆಲ್ಲ ಮಾಡುವುದನ್ನು ಕಂಡವರಿಗೆ ಆ ಪದದ ವ್ಯಾಖ್ಯಾನ ಬೇಕಾಗಿಲ್ಲ. ಈಗ ಅಪ್ಪನನ್ನು ಹೋಲುವ ಮಗನನ್ನು ಅಪ್ಪನ ಜೆರಾಕ್ಸ್ ಎನ್ನುತ್ತಾರೆ. ಆ ಹೆಸರು ಒಣಗಿದ್ದು ಎಂಬರ್ಥದ ಗ್ರೀಕ್ ಪದದಿಂದ ರಚಿತವಾಗಿರುವುದರಿಂದ, ಬೆಲ್ಲದ ಸೀಮೆಯ ಜನ ಸಿಹಿ ಕೊಟ್ಟು ಒಣಕಲನ್ನು ಕೊಂಡಂತಾಯಿತು. ಆದರೆ ಹೋಲಿಕೆಯನ್ನು ಪೂರ್ತಿಯಾಗಿ ನಂಬಬಾರದೆಂಬ ಎಚ್ಚರಿಕೆಯೂ ಇಲ್ಲಿಯದೇ ಆಗಿದ್ದು, ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಒಂದೇ ಮಳೆಯನ್ನು ಹಂಚಿಕೊಳ್ಳುವ ಅಕ್ಕ-ತಂಗಿ ಕೊಳಗಳು ಅಕ್ಕಪಕ್ಕದಲ್ಲೇ ಇದ್ದರೂ ಎರಡರ ನೀರಿನ ಗುಣ ಒಂದೇ ಅಲ್ಲವೆಂದು ಊರಿನವರು ಹೇಳುತ್ತಾರೆ.

ಇದೇ ತತ್ತ್ವವನ್ನು ಇಂಗ್ಲಿಷಿನ ಮೇಲೆಯೇ ಪ್ರಯೋಗಿಸಿದವರು ನಾಗಮಂಗಲ ತಾಲ್ಲೂಕಿನ ಬೆಳ್ಳೂರನ್ನು ಹೆಸರಿನ ಮೊದಲಕ್ಷರದಲ್ಲಿ ಹೊತ್ತ ಬಿ.ಎಂ. ಶ್ರೀಕಂಠಯ್ಯನವರು. 'ಇಂಗ್ಲಿಷ್ ಗೀತಗಳು' ಸಂಕಲನದಲ್ಲಿ ಅವರು ಪದಕ್ಕೆ ಪದದ ಮ್ಯಾಚಿಂಗ್ ಹುಡುಕದೆ, ಮಾತ್ರೆಗಳನ್ನು ಎಣಿಸಿ ಮಾಡುವ ಗಣಗಳನ್ನು ಹೊಸ ರೀತಿಯಲ್ಲಿ ಹೊಂದಿಸಿ, ಇಂಗ್ಲಿಷ್ ಕವಿತೆ ಕನ್ನಡದ ನಡಿಗೆಯಲ್ಲಿ ಸಾಗುವಂತೆ ಮಾಡಿದರು.

ನಡಿಗೆಯ ಮಾತು ಬಂದ ಮೇಲೆ ಎತ್ತುಗಳನ್ನು ಬಿಡುವಂತಿಲ್ಲ. ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತುಗಳ ಜೊತೆ ಕಟ್ಟುವುದು, ಅಂದರೆ ಬೇರೆ ಬೇರೆ ಕಡೆಯ ಎರಡು ಎತ್ತುಗಳನ್ನು ಒಂದು ನೊಗಕ್ಕೆ ತಕ್ಕಂತೆ ಆರಿಸುವುದು, ಮ್ಯಾಚಿಂಗ್ ಸೆಂಟರಿನ ವಿದ್ಯೆಗಿಂತ ಒಂದು ಮೆಟ್ಟಿಲು ಮೇಲಿನದು. ಬಣ್ಣ, ಕೊಂಬಿನ ಬಾಗು, ಎತ್ತರಗಳು ಮೊದಲ ನೋಟದಲ್ಲೇ ಮುಗಿಯುತ್ತವೆ. ಬಾಯಿ ಬಿಡಿಸಿ ಎರಡು ಹಲ್ಲೋ ನಾಲ್ಕು ಹಲ್ಲೋ ಎಂದು ಎಣಿಸಿ ವಯಸ್ಸನ್ನು ತಾಳೆ ನೋಡುತ್ತಾರೆ. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಾರೆ. ಇಷ್ಟಾದರೂ ಹಿರಿಯನೊಬ್ಬನು, "ಬಣ್ಣ ಬುಡು, ನೊಗ ಕಟ್ಟಿ ಹತ್ತು ಹೆಜ್ಜೆ ನಡೆಸು" ಎಂದರೆ ಅಲ್ಲಿಯವರೆಗಿನ ಸೇಮ್ ಟು ಸೇಮ್ ಎಲ್ಲವೂ ರದ್ದಾಗುತ್ತದೆ. ಏಕೆಂದರೆ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಗಾದೆ ಎರಡೂ ಎತ್ತುಗಳೇ ಆಗಿದ್ದಾಗಲೂ ನಿಜವಾಗಬಲ್ಲದು. ಹಿಂದೊಮ್ಮೆ ಜೋಡೆತ್ತಿನ ಗುರುತಿನಿಂದ ಗೆಲ್ಲುತ್ತಿದ್ದ ಕಾಂಗ್ರೆಸ್ ಪಕ್ಷವು 1969ರಲ್ಲಿ ಇಬ್ಭಾಗವಾದಾಗ ಆ ಎತ್ತುಗಳು ಯಾರಿಗೆ ಸೇರಬೇಕೆಂದು ನ್ಯಾಯಾಲಯದವರೆಗೆ ಹೋಗಬೇಕಾಯಿತು. 2019ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದ ಜನ ಪ್ರಚಾರಕ್ಕೆ ಬಂದ ಇಬ್ಬರು ಸಿನಿಮಾ ನಟರನ್ನು ಜೋಡೆತ್ತು ಎಂದೇ ಕರೆದರು, ಪೇರ್ ಎಂದು ಯಾರೂ ಕರೆಯಲಿಲ್ಲ.

ಹೀಗೆ ನೋಡಿದರೆ ಕಣ್ಣಿನ ಲೆಕ್ಕಕ್ಕೆ ಇಂಗ್ಲಿಷ್ ಪದ, ಹೆಗಲಿನ ಲೆಕ್ಕಕ್ಕೆ ಕನ್ನಡ ಪದ ಎಂಬ ವಿಭಾಗವನ್ನು ಈ ಸೀಮೆಯ ಆಡುಮಾತು ತನಗೆ ತಾನೇ ಮಾಡಿಕೊಂಡಂತೆ ತೋರುತ್ತದೆ. ಆದರೂ 'ಮ್ಯಾಚ್ ಆಗಲ್ಲ', 'ಸೆಟ್ ಆಯ್ತು' ಎಂಬ ಪ್ರಯೋಗಗಳನ್ನು ಬಿಡಿಸಿ ನೋಡಿದರೆ, ನಾಮಪದ ಕಡಲಾಚೆಯದು, ಕ್ರಿಯಾಪದ ಕಾವೇರಿ ಬಯಲಿನದು; ಬಣ್ಣ ಬೇರೆ, ಕೊಂಬು ಬೇರೆ, ಹಲ್ಲಿನ ಲೆಕ್ಕವಂತೂ ತಾಳೆಯಾಗುವುದೇ ಇಲ್ಲ. ಜಾತ್ರೆಯಲ್ಲಿ ಯಾವ ದಳ್ಳಾಳಿಯೂ ಒಪ್ಪದ ಈ ಜೊತೆಯನ್ನು ನಾಲ್ಕು ತಾಲ್ಲೂಕಿನ ಜನ ದಿನವೂ ನೊಗಕ್ಕೆ ಕಟ್ಟುತ್ತಿದ್ದು, ಗಾಡಿ ಇದುವರೆಗೆ ಏರಿಗೂ ಹತ್ತಿಲ್ಲ, ನೀರಿಗೂ ಇಳಿದಿಲ್ಲ.