ಬೊಂಬಾಯಿ ಅಣ್ಣ

ಕೆ.ಆರ್.ಪೇಟೆ, ನಾಗಮಂಗಲ ಕಡೆ ಹಳ್ಳಿಗೊಬ್ಬ ಬೊಂಬಾಯಿ ಅಣ್ಣ ಸಿಗುತ್ತಾನೆ. ಹೇಮಗಿರಿ ಜಾತ್ರೆಗೋ ಊರಹಬ್ಬಕ್ಕೋ ಬಂದರೆ ಇಸ್ತ್ರಿ ಮುರಿಯದ ಬಿಳಿ ಅಂಗಿ, ಸಂಬಳಕ್ಕೆ ಪಗಾರ ಎನ್ನುವ ಬಾಯಿ. ಮುಂಬೈಯಲ್ಲಿ ಅವನು ಟ್ಯಾಕ್ಸಿ ಓಡಿಸುತ್ತಾನೋ, ಹೋಟೆಲಿನ ಗಲ್ಲಾದಲ್ಲಿ ಕೂರುತ್ತಾನೋ, ಎಳನೀರು ಕೊಚ್ಚುತ್ತಾನೋ ಊರಿಗೆ ನೆಟ್ಟಗೆ ತಿಳಿಯದು. ಪಿಯುಸಿಯಲ್ಲಿ ಡುಮ್ಕಿ ಹೊಡೆದ ಮಗನನ್ನು ಮುಂದಕ್ಕೆ ನೂಕಿ “ಇವ್ನಿಗೂ ಒಂದು ದಾರಿ ಮಾಡು ಕಣಣ್ಣ” ಎಂದು ಅಪ್ಪನೊಬ್ಬ ಕೇಳಿದ ಗಳಿಗೆಯಲ್ಲಿ ಅಣ್ಣ ಎಚ್‌ಆರ್ ವಿಭಾಗವೂ ಆಗುತ್ತಾನೆ, ಮನೆ ಓನರೂ ಆಗುತ್ತಾನೆ. ಸಂದರ್ಶನ ಚಿಕ್ಕದು: “ಯಾರ ಮಗ್ನಲಾ? ನಿಮ್ ತಾತ ಯಾರು? ಕುಡಿತೀಯಾ?” ಮೂರನೆಯದಕ್ಕೆ ಅಪ್ಪನೇ ಉತ್ತರಿಸುತ್ತಾನೆ, ಅಣ್ಣ ನಂಬುವುದಿಲ್ಲ, ಆದರೂ ಹುಡುಗ ಆಯ್ಕೆಯಾಗುತ್ತಾನೆ. ಕಾರಣ, ಎರಡನೆಯ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿರುತ್ತದೆ.

ಕೆಲಸಕ್ಕೆ ಸೇರಿಸಿಕೊಳ್ಳುವುದು, ಮನೆಗೆ ಸೇರಿಸಿಕೊಳ್ಳುವುದು ನಮ್ಮಲ್ಲಿ ಬೇರೆ ಬೇರೆ ವ್ಯವಹಾರಗಳೇ ಅಲ್ಲ. ಎರಡೂ ಕಡೆ ಬೇಕಾದದ್ದು ಜಾಮೀನು. ಮಹಾರಾಷ್ಟ್ರದ 1999ರ ಬಾಡಿಗೆ ಕಾಯ್ದೆಯ ಪ್ರಕಾರ ಕರಾರು ಬರವಣಿಗೆಯಲ್ಲಿರಬೇಕು, ನೋಂದಣಿಯೂ ಆಗಬೇಕು. ಊರು ಬಿಟ್ಟು ನಿನ್ನೆ ಬಂದ ಹುಡುಗನ ಹತ್ತಿರ ಡಿಪಾಸಿಟ್ಟೂ ಇಲ್ಲ, ಗುರುತಿನವರೂ ಇಲ್ಲ. ಇರುವುದು ಚೀಲದಲ್ಲಿ ರಾಗಿಹಿಟ್ಟು ಮತ್ತು ಅಣ್ಣ. ಅಣ್ಣನ ರೂಮಿನ ಕಾನೂನನ್ನು ಯಾರೂ ಬರೆದಿಟ್ಟಿಲ್ಲ. ಹೊಸಬನ ಚಾಪೆ ಮೋರಿಯ ಪಕ್ಕ. ಬೆಳಗಿನ ಜಾವ ನಲ್ಲಿಯಲ್ಲಿ ನೀರು ಬಂದಾಗ ಏಳಬೇಕಾದವನೂ ಅವನೇ. ರಾತ್ರಿ ಪಾಳಿಯವನು ಎದ್ದು ಹೋದ ಚಾಪೆಗೆ ಹಗಲು ಪಾಳಿಯವನು ಬಂದು ಬೀಳುತ್ತಾನೆ. ಬಾಡಿಗೆ ತಲೆವಾರು, ಆದರೆ ಮೊದಲ ಪಗಾರ ಕೈಸೇರುವವರೆಗೆ ಹೊಸಬನ ತಲೆ ಲೆಕ್ಕಕ್ಕಿಲ್ಲ. ಮುದ್ದೆ ಗಂಟು ಕಟ್ಟಿದರೆ ಮಾತ್ರ ತಲೆ ತಕ್ಷಣ ಲೆಕ್ಕಕ್ಕೆ ಬರುತ್ತದೆ.

ಇದು ಸ್ವಜನ ಪಕ್ಷಪಾತ ಎಂದು ಮೂಗು ಮುರಿಯುವವರಿದ್ದಾರೆ. ಹೌದು, ತಾತನ ಹೆಸರಿನ ಹಿಂದೆ ಜಾತಿಯೂ ಕೂತಿರುತ್ತದೆ, ಅದನ್ನು ಮರೆಮಾಚಿ ಪ್ರಯೋಜನವಿಲ್ಲ. ಆದರೆ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳು ಪರಿಚಿತರನ್ನು ಕರೆತಂದ ನೌಕರನಿಗೆ ರೆಫರಲ್ ಬೋನಸ್ ಕೊಡುತ್ತವೆ. ಅಣ್ಣನಿಗೆ ಬೋನಸ್ ಕೂಡ ಇಲ್ಲ. ಹುಡುಗ ಗಲ್ಲಾಕ್ಕೆ ಕೈಹಾಕಿದರೆ ಉಗಿಸಿಕೊಳ್ಳುವವನು ಅವನೇ. ಕೆಲಸ ಕೊಟ್ಟವರನ್ನು ಮನೆಯೊಳಗೂ ಸೇರಿಸಿಕೊಳ್ಳುವುದರಲ್ಲಿ ದೊರೆಗಳೂ ಅಣ್ಣನಿಗಿಂತ ಧಾರಾಳವಾಗಿರಲಿಲ್ಲ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚರಿಗೆ ಸೈನ್ಯದಲ್ಲಿ ನೌಕರಿ ಸಿಕ್ಕಿತು, 1788ರಲ್ಲಿ ಟಿಪ್ಪುವಿನ ರಾಯಭಾರಿಗಳು ಫ್ರಾನ್ಸಿನ ದೊರೆಯವರೆಗೂ ಹೋಗಿ ಕುಶಲಕರ್ಮಿಗಳನ್ನು ಕೇಳಿದರು. ಆದರೆ ಫ್ರೆಂಚ್ ದಂಡಿನ ಬಿಡಾರ ಶ್ರೀರಂಗಪಟ್ಟಣದಿಂದ ಆಚೆ, ಹಿರೋಡೆಯ ಬಂಡೆಗಳ ಹತ್ತಿರ. ಇವತ್ತಿನ ಪಾಂಡವಪುರ ಬಹುಕಾಲ ಫ್ರೆಂಚ್ ರಾಕ್ಸ್ ಎನಿಸಿಕೊಂಡದ್ದು ಹಾಗೆ.

ಅಣ್ಣನ ನಿಜವಾದ ಪರೀಕ್ಷೆ ಮುಂಬೈಯಲ್ಲಲ್ಲ, ಪೇಟೆಯಲ್ಲಿ ಮಹಡಿ ಮನೆ ಕಟ್ಟಿಸಿದ ಮೇಲೆ. ಕೆಳಗೆ ಎರಡು ಬಾಡಿಗೆ ಮನೆ, ಗೇಟಿಗೆ ಬೋರ್ಡು: ಫ್ಯಾಮಿಲಿಗೆ ಮಾತ್ರ, ರಾತ್ರಿ ಹತ್ತಕ್ಕೆ ಬೀಗ. ಚಾಪೆಯ ಪಾಳಿಯಲ್ಲಿ ಮಲಗಿ ದೊಡ್ಡವನಾದವನಿಗೆ ನಾಲ್ಕು ಜನ ಹುಡುಗರು ಒಟ್ಟಿಗೆ ಬಂದರೆ ಎದೆ ಝಲ್ಲೆನ್ನುತ್ತದೆ. ಆಲೆಮನೆಗಳಲ್ಲಿ ಬೆಲ್ಲ ತೆಗೆಯಲು ಬಿಹಾರ, ಉತ್ತರ ಪ್ರದೇಶದಿಂದ ಬಂದವರು ಮನೆ ಕೇಳಿದರೆ ಅಣ್ಣನ ಹಿಂದಿ ಥಟ್ಟನೆ ಮರೆತುಹೋಗುತ್ತದೆ. ಅವರು ಕೊನೆಗೆ ಒಲೆಯ ಪಕ್ಕದ ಶೆಡ್ಡಿನಲ್ಲೇ ಮಲಗುತ್ತಾರೆ.

ಇದನ್ನು ಆಷಾಢಭೂತಿತನ ಎಂದು ಬೈಯುವುದು ಸುಲಭ. ನನ್ನ ಮಟ್ಟಿಗೆ ಅಣ್ಣ ಬದಲಾಗಿಲ್ಲ. ಅಲ್ಲಿ ಕೇಳಿದ್ದನ್ನೇ ಇಲ್ಲೂ ಕೇಳುತ್ತಿದ್ದಾನೆ. ಬಿಹಾರದ ಹುಡುಗನ ತಾತ ಯಾರೆಂದು ಅವನಿಗೆ ಗೊತ್ತಿಲ್ಲ, ಅಷ್ಟೇ. ಆದರೆ ತಾತನ ಜಾಮೀನು ಎಷ್ಟು ಗಟ್ಟಿ ಎಂಬುದನ್ನು ಅವನು 2020ರ ಮೇ ತಿಂಗಳಲ್ಲೇ ಕಂಡಿರಬೇಕು. ಮುಂಬೈಯಿಂದ ಓಡಿಬಂದವರಲ್ಲಿ ಕೊರೊನಾ ಕಾಣಿಸಿಕೊಂಡಾಗ ಇದೇ ತಾಲ್ಲೂಕುಗಳು ಸ್ವಂತ ಮಕ್ಕಳಿಗೇ ಹೆದರಿದವು. ಕ್ವಾರಂಟೈನಿನ ಹಾಸ್ಟೆಲುಗಳಲ್ಲಿ ಯಾರ ತಾತನ ಹೆಸರೂ ನಡೆಯಲಿಲ್ಲ. ಆದ್ದರಿಂದ ಆಲೆಮನೆ ಯಜಮಾನರಲ್ಲಿ ಒಂದು ಅರಿಕೆ: ಕೆಲಸ ಕೊಟ್ಟವರು ನೀವು, ಹುಡುಗರನ್ನು ಅಣ್ಣನ ಗೇಟಿನವರೆಗೆ ಕರೆದುಕೊಂಡು ಹೋಗಿ “ಇವ್ರು ನಮ್ ಕಡೆಯವ್ರು” ಎಂದು ಒಂದು ಮಾತು ಹೇಳಿ. ಬೋರ್ಡು ತೆಗೆಸುವ ಕೆಲಸ ಆಮೇಲೆ ನೋಡಿಕೊಳ್ಳೋಣ.